ಹತ್ತನೆಯ ಜೋಡೆತ್ತು

ಅಂಜಮ್ಮ ಗಾಳಿಯನ್ನು ಕಲಿತದ್ದು ನೀರಿನ ಮೇಲಲ್ಲ, ಕಣದಲ್ಲಿ. ತಮಿಳು ಸೀಮೆಯ ಗಡಿಯಲ್ಲಿರುವ ತಳಿ ಎಂಬ ಊರಿನ ಕಡೆಯ ಅವಳ ತೌರೂರಿನಲ್ಲಿ ರಾಗಿ ಬಡಿದು ರಾಶಿ ಮಾಡಿದ ಮೇಲೆ ಅವಳ ಅಪ್ಪ ಮೊರ ತುಂಬಿಕೊಂಡು ಮುಕ್ಕಾಲಿಯ ಮೇಲೆ ಹತ್ತಿ ನಿಲ್ಲುತ್ತಿದ್ದ. ತಕ್ಷಣ ತೂರುತ್ತಿರಲಿಲ್ಲ, ಕಾಯುತ್ತಿದ್ದ. ಏಳು ವರ್ಷದ ಅಂಜಮ್ಮನಿಗೆ ಒಂದೇ ಕೆಲಸ. ಕಣದ ಅಂಚಿನಲ್ಲಿ ನಿಂತು ದೂರದ ನೀಲಗಿರಿ ತೋಪನ್ನು ನೋಡುತ್ತಿರುವುದು. ತೋಪಿನ ನೆತ್ತಿ ಬೆಳ್ಳಗೆ ಮಗುಚಿ, ಆಮೇಲೆ ಈಚೆಯ ಹುಣಸೆಮರ ಅಲುಗಿತೆಂದರೆ ಹತ್ತು ಎಣಿಸುವಷ್ಟರಲ್ಲಿ ಗಾಳಿ ಕಣಕ್ಕೆ ಬರುತ್ತದೆ. ಆಗ ಅವಳು ಕೈ ಎತ್ತಬೇಕು. ಅವಳ ಕೈ ಎದ್ದರೆ ಅಪ್ಪನ ಮೊರ ಮಾತ್ರವಲ್ಲ, ಅಕ್ಕಪಕ್ಕದ ಕಣಗಳ ಮೊರಗಳೂ ಒಟ್ಟಿಗೆ ಏಳುತ್ತಿದ್ದವು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಊರಿಗೆಲ್ಲ ಗೊತ್ತಿತ್ತು. ಬರುವ ಮುಂಚೆ ಹೇಳುವವಳು ಅವಳೊಬ್ಬಳೇ ಇದ್ದಳು.

ಈಗ ಅವಳಿಗೆ ನಲವತ್ತಾರು. ಮದುವೆಯಾಗಿ ಮತ್ತಿಗಿರಿಗೆ ಬಂದವಳು, ಹತ್ತೊಂಬತ್ತು ವರ್ಷದಿಂದ ಮೂಕಂಡಪಲ್ಲಿಯ ಫೈಬರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಳೆ. ಅಚ್ಚಿನೊಳಗೆ ಗಾಜುನಾರಿನ ಮ್ಯಾಟ್ ಹಾಸುವುದು, ರೆಸಿನ್ ಎಂಬ ಅಂಟು ಹಚ್ಚುವುದು, ಅದು ಗಟ್ಟಿಯಾಗುವ ಮುಂಚೆ ರೋಲರ್ ಓಡಿಸಿ ಗುಳ್ಳೆ ತೆಗೆಯುವುದು. ನೀರಿನ ತೊಟ್ಟಿ, ಬಸ್ಸಿನ ಮೂತಿ, ಪಾರ್ಕಿನ ಆನೆ, ಎಲ್ಲ ಅವಳ ಕೈಯಿಂದ ಇಳಿದಿವೆ. ಗಾಜಿನ ನಾರು ಚರ್ಮದೊಳಗೆ ಹೊಕ್ಕು ಮೊಣಕೈವರೆಗೆ ಸದಾ ನವೆ. ಸಂಜೆ ಮನೆಗೆ ಬಂದು ಕೊಬ್ಬರಿ ಎಣ್ಣೆ ತಿಕ್ಕಿಕೊಂಡರೆ ಮಾತ್ರ ನಿದ್ದೆ. ಆ ಕೈಗೆ ಒಂದು ಗುಣವಿತ್ತು. ಅವಳು ಮಾಡಿದ ಎರಡು ತೊಟ್ಟಿಗಳನ್ನು ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗುತ್ತಿರಲಿಲ್ಲ.

ಆ ಗುಣ ಕಂಡು ಹಿಡಿದವರು ಕ್ವಾಲಿಟಿ ನೋಡುವ ಮ್ಯಾನೇಜರ್ ರಘುನಾಥ್. ಕಾರವಾರದ ಕಡೆಯವರು, ಸಮುದ್ರ ಬಿಟ್ಟು ಬಂದ ಸಂಕಟವನ್ನು ಊರ ಹೊರಗಿನ ಅಣೆಕಟ್ಟೆಯ ಹಿನ್ನೀರಿನಲ್ಲಿ ತೀರಿಸಿಕೊಳ್ಳುತ್ತಿದ್ದವರು. ಅವರ ಬಳಿ ಹಳೆಯ ಹಾಯಿದೋಣಿಯೊಂದಿತ್ತು. ಹದಿನಾಲ್ಕು ಅಡಿ ಉದ್ದದ ಎರಡು ತೆಳ್ಳನೆಯ ಒಡಲುಗಳು, ಅವನ್ನು ಜೋಡಿಸುವ ಎರಡು ಅಡ್ಡಕಂಬಿಗಳು, ನಡುವೆ ಬಿಗಿದ ಬಲೆ, ಅದರ ಮೇಲೆ ಒಬ್ಬರು ಕೂತು ನಡೆಸಬೇಕು.

"ಒಂದು ದೋಣಿ ಇದ್ರೆ ವಿಹಾರ ಅಂಜಮ್ಮ," ಎಂದಿದ್ದರು ಅವರು, ಮೂರು ವರ್ಷದ ಹಿಂದೆ ಊಟದ ಹೊತ್ತಿನಲ್ಲಿ ಅವಳನ್ನು ಕರೆದು. "ಎರಡಿದ್ರೆ ಜಗಳ. ಹತ್ತಿದ್ರೆ ಪಂದ್ಯ. ಹತ್ತು ದೋಣಿ ಒಂದೇ ಅಚ್ಚು, ಒಂದೇ ತೂಕ ಇದ್ದು ಗೆರೆ ಮೇಲೆ ನಿಂತ್ರೆ ಹಾಯಿದೋಣಿ ಒಕ್ಕೂಟದವರು ಬಂದು ಮಾನ್ಯತೆ ಕೊಡ್ತಾರೆ. ನನ್ನ ದೋಣಿಯಿಂದ ಅಚ್ಚು ತೆಗೀಬಹುದಾ?"

"ತೆಗೀಬೋದು ಸಾರ್. ಆದ್ರೆ ಹತ್ತು ದೋಣಿ ತಗಳೋ ಶ್ರೀಮಂತ್ರು ಈ ಕಡೆ ಯಾರವ್ರೆ?"

"ಅದೇ ನಂಗೂ ತೋಚ್ತಿಲ್ಲ."

ಅಂಜಮ್ಮನಿಗೆ ತೋಚಿತು. ಅಚ್ಚು ತೆಗೆದು, ಒಡಲು ನೀರಿನಲ್ಲಿ ಓಡುವ ಬಗೆ ನೋಡಲೆಂದು ರಘುನಾಥರ ದೋಣಿಯಲ್ಲಿ ಒಮ್ಮೆ ಕೂತು ನೀರಿಗೆ ಹೋದ ದಿನವೇ ತೋಚಿತು. ಆ ದಿನ ಪಡುವಣ ದಡದ ನೀಲಗಿರಿ ಮರಗಳ ನೆತ್ತಿ ಬೆಳ್ಳಗೆ ಮಗುಚಿದ್ದನ್ನು ಅವಳು ಕಂಡಳು. ನೀರಿನ ಮೇಲೆ ಕಪ್ಪು ಗೆರೆಯೊಂದು ಹೊರಟಿತು. ಅವಳು ಯೋಚಿಸದೆ ಚುಕ್ಕಾಣಿಯನ್ನು ಅತ್ತ ತಿರುಗಿಸಿದಳು. ಹಾಯಿ ಉಬ್ಬಿತು. ಒಂದು ಒಡಲು ನೀರಿನಿಂದ ಮೇಲೆದ್ದಿತು. ಅಪ್ಪನ ಮೊರದಿಂದ ಹೊಟ್ಟು ಹಾರಿ ಕಾಳು ನೇರ ಬೀಳುತ್ತಿದ್ದ ಆ ಗಳಿಗೆ ಮೂವತ್ತಾರು ವರ್ಷದ ಮೇಲೆ ಮೈಯೊಳಗೆ ಮರಳಿ ಬಂತು. ತನ್ನದೇ ಒಂದು ದೋಣಿ, ಪಂದ್ಯದ ಪಟ್ಟಿಯಲ್ಲಿ ತನ್ನ ಹೆಸರು. ಬದುಕಿನಲ್ಲಿ ಅವಳು ತನಗಾಗಿ ಬೇಡಿಕೊಂಡದ್ದು ಅದೊಂದನ್ನೇ.

ತೋಚಿದ ದಾರಿ ಮುಯ್ಯಿಯದು. ತೌರಿನಲ್ಲಿ ಒಬ್ಬರ ಹೊಲಕ್ಕೆ ಹತ್ತು ಮನೆಯವರು ಬರುವರು, ಕೂಲಿಯಿಲ್ಲ. ನಾಳೆ ಅವರ ಹೊಲಕ್ಕೆ ಇವರು. ದೋಣಿಯನ್ನೂ ಹಾಗೆ ಯಾಕೆ ಮಾಡಬಾರದು? ಮಾಲು ಅವರವರದು, ಕೈ ಎಲ್ಲರದು. ಅವಳು ಮೂಕಂಡಪಲ್ಲಿ, ಮತ್ತಿಗಿರಿಯ ಕಾರ್ಖಾನೆಗಳವರನ್ನು, ನೀರಂಚಿನ ಹಳ್ಳಿಯ ರೈತರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಿಡಿದಳು. ಮೊದಲು ಸಿಕ್ಕವನು ಮಾದೇಶ. ನೀರಿನ ಪಕ್ಕದ ಹಳ್ಳಿಯವನು, ಹಗಲು ಲೇತ್ ಮೆಷಿನ್ ಓಡಿಸುವವನು, ಮೀನಿನಂತೆ ಈಜುವವನು.

"ಇದೇನಕ್ಕ ಇದು?" ಎಂದು ಅವನು ಅಚ್ಚನ್ನು ಸುತ್ತುಹಾಕಿ ನೋಡಿದ. "ಇಂಥಾದ್ನ ತಮಿಳಲ್ಲಿ ಕಟ್ಟುಮರಂ, ಕಟ್ಟಿದ ಮರ ಅಂತಾರೆ. ಮರಾನೇ ಇಲ್ವಲ್ಲ."

"ಎರಡು ಎತ್ತು, ನಡುವೆ ನೊಗ. ನೋಡಿದ್ರೆ ಗೊತ್ತಾಗಕಿಲ್ವೇನ್ಲಾ?"

"ಓ, ಜೋಡೆತ್ತು. ಮೇವು ಆಕೋ ಹಂಗಿಲ್ಲ, ಸಗಣಿ ಬಾಚೋ ಹಂಗಿಲ್ಲ. ನಮ್ಮಪ್ಪಂಗೆ ಏಳಿದ್ರೆ ನಾಳೇನೇ ಇರೋ ಎತ್ತು ಮಾರ್ಬುಡ್ತಾನೆ."

ಹೆಸರು ನಿಂತಿತು. ಒಕ್ಕೂಟದ ಕಾಗದದಲ್ಲಿ ಆ ದೋಣಿಗೆ ಯಾವುದೋ ಇಂಗ್ಲಿಷ್ ಹೆಸರಿದ್ದರೂ ಹಿನ್ನೀರಿನ ದಡದಲ್ಲಿ ಅದು ಜೋಡೆತ್ತೇ ಆಯಿತು.

ಅಂಜಮ್ಮನೂ ಸೇರಿ ಹತ್ತು ಜನ. ಮೊದಲು ಯಾರ ದೋಣಿ ಎಂದು ಚೀಟಿ ಎತ್ತಲು ಹೊರಟಾಗ ಅವಳು ತನ್ನ ಚೀಟಿ ಹಾಕಲಿಲ್ಲ. ಅವಳ ತೌರಿನ ಕಟ್ಟಳೆ ಹಾಗೆ. ಮುಯ್ಯಿಗೆ ಕರೆದವರ ಹೊಲ ಕೊನೆಗೆ. ಕರೆದವನೇ ಮೊದಲು ಕುಯ್ಲು ಮುಗಿಸಿಕೊಂಡರೆ ಆಮೇಲೆ ಊರಿಗೆ ಅವನ ಮೇಲೆ ನಂಬಿಕೆ ಉಳಿಯುವುದಿಲ್ಲ. ಗಂಡ ರಾಮಕೃಷ್ಣಪ್ಪ, ಹೂವಿನ ಟೆಂಪೊ ಓಡಿಸುವವನು, ಅದನ್ನು ಕೇಳಿ ನಕ್ಕ.

"ನಿಮ್ಮಪ್ಪನ ಊರಲ್ಲಿ ಒಲ ಎಲ್ಲೂ ಓಡೋಗ್ತಿರ್ಲಿಲ್ಲ ಕಣಮ್ಮಿ, ಜನಾನೂ ಓಡೋಗ್ತಿರ್ಲಿಲ್ಲ. ಇಲ್ಲಿ ಮೂರು ಶಿಫ್ಟ್‌ನೋರು. ನಿನ್ನ ಸರದಿ ಬರೋ ಹೊತ್ಗೆ ಯಾರಿರ್ತಾರೋ."

"ಸುಮ್ನಿರಯ್ಯ. ಬಾಯಲ್ಲಿ ಒಳ್ಳೇದು ಬರಲಿ."

ಎರಡೂವರೆ ವರ್ಷ ಹಿಡಿಯಿತು. ಭಾನುವಾರ ಭಾನುವಾರ ದಡದ ತಗಡಿನ ಕೊಟ್ಟಿಗೆಯಲ್ಲಿ ಒಂದೊಂದೇ ಒಡಲು ಇಳಿಯಿತು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಕಲಸಿದ ರೆಸಿನ್ ಅರ್ಧ ಗಂಟೆಯೊಳಗೆ ಗಟ್ಟಿಯಾಗಿಬಿಡುತ್ತದೆ. ಒಬ್ಬರು ಕಲಸಬೇಕು, ಒಬ್ಬರು ಮ್ಯಾಟ್ ಹಾಸಬೇಕು, ಇಬ್ಬರು ರೋಲರ್ ಓಡಿಸಬೇಕು. ಕಲಸುವುದನ್ನು ಮಾತ್ರ ಅಂಜಮ್ಮ ಯಾರಿಗೂ ಬಿಡಲಿಲ್ಲ. ತೂಕ ಇರುವುದು ಅಲ್ಲಿ. ಒಂದು ದೋಣಿ ಹಗುರಾದರೆ ಗೆದ್ದವನ ಗೆಲುವು ಅವನದಲ್ಲ, ಸೋತವನ ಸೋಲೂ ಅವನದಲ್ಲ.

ನೀರಿನ ಮೇಲೂ ಅವಳ ಕಟ್ಟಳೆಗಳೇ ನಡೆದವು. ಭಾನುವಾರ ಗೆದ್ದವನು ದಡಕ್ಕೆ ಬಂದು ನಿಂತು, ಎಲ್ಲಿ ತಿರುಗಿದೆ, ಯಾಕೆ ತಿರುಗಿದೆ, ಹಾಯಿಯ ಹಗ್ಗ ಎಷ್ಟು ಬಿಟ್ಟೆ ಎಲ್ಲವನ್ನೂ ಎಲ್ಲರ ಮುಂದೆ ಹೇಳಬೇಕು. ಮುಚ್ಚಿಡುವ ಹಾಗಿಲ್ಲ. ಕೊನೆಗೆ ಬಂದವನು ಮುಂದಿನ ವಾರ ಗೆದ್ದವನ ದೋಣಿ ಹತ್ತಬೇಕು, ಆಗ ದೋಣಿಯ ಮೇಲೆ ನೆಪ ಹೇಳುವ ಬಾಯಿ ಮುಚ್ಚುತ್ತದೆ. ಗಾಳಿ ಬಿದ್ದು ದೋಣಿಗಳೆಲ್ಲ ನಡುನೀರಿನಲ್ಲಿ ನಿಂತಾಗ ಅವಳು ಏರಿಯ ಮೇಲೆ ನಿಂತು ತೋಪನ್ನು ನೋಡುವಳು. ಅವಳ ಕೈ ಎದ್ದರೆ ಒಂಬತ್ತು ಮುಖಗಳೂ ಅತ್ತ ತಿರುಗುವವು. ಅವರಿವರ ದೋಣಿಯನ್ನು ಎರವಲು ಪಡೆದು ಅವಳೂ ಓಡಿಸುವಳು, ಓಡಿಸಿದಾಗಲೆಲ್ಲ ಬಹುಪಾಲು ಅವಳೇ ಮುಂದೆ. ಆಮೇಲೆ ದಡಕ್ಕೆ ಬಂದು ಎಲ್ಲವನ್ನೂ ಹೇಳುವಳು. ಮೊದಲ ವರ್ಷ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದವರು ಮೂರನೆಯ ವರ್ಷಕ್ಕೆ ಹೇಗಾದರೆಂದರೆ, ಒಂಬತ್ತು ಹಾಯಿಗಳು ಒಂದು ಗೆರೆಯಲ್ಲಿ ಹೊರಟು ಒಂದು ಕೂಗಳತೆಯೊಳಗೇ ಗುರಿ ಮುಟ್ಟುತ್ತಿದ್ದವು.

"ಬೆಂಗಳೂರಲ್ಲೂ ಇಂಥ ದಂಡು ಇಲ್ಲ," ಎಂದರು ರಘುನಾಥ್. ಒಕ್ಕೂಟಕ್ಕೆ ಬರೆದರು. ಆಷಾಢದ ಗಾಳಿಯಲ್ಲಿ ಬಂದು ನೋಡುವುದಾಗಿ ಉತ್ತರ ಬಂತು. ಹತ್ತು ದೋಣಿ ಇರಲೇಬೇಕು.

ಹತ್ತನೆಯದು ಅಂಜಮ್ಮನದು. ಯುಗಾದಿ ಕಳೆದು ಅವಳ ಸರದಿ ಬಂತು. ಮೊದಲ ಭಾನುವಾರ ನಾಲ್ವರು ಬಂದರು. ಎಡಗಡೆಯ ಒಡಲು ಇಳಿಯಿತು. ಅಚ್ಚಿನಿಂದ ಬಿಚ್ಚಿದಾಗ ಅದರ ಮೈ ಎಷ್ಟು ನುಣುಪಾಗಿತ್ತೆಂದರೆ ಅವಳ ಮುಖವೇ ಕಾಣುತ್ತಿತ್ತು. ಸಂಪಿಗೆ ಹೂವಿನ ಹಳದಿ ಬಣ್ಣ ಹಾಕಿಸಿದ್ದಳು. ಎರಡನೆಯ ಭಾನುವಾರ ಅವಳು ಬೆಳಿಗ್ಗೆಯೇ ಬಂದು ಅಚ್ಚಿಗೆ ವ್ಯಾಕ್ಸ್ ತಿಕ್ಕಿ, ಮ್ಯಾಟ್ ಕತ್ತರಿಸಿ ಇಟ್ಟುಕೊಂಡು ಕೂತಳು. ಕೊಟ್ಟಿಗೆಗೆ ಯಾರೂ ಬರಲಿಲ್ಲ. ನೀರಿನ ಕಡೆಯಿಂದ ನಗು, ಕೂಗಾಟ ಕೇಳುತ್ತಿತ್ತು. ಹೊರಗೆ ಬಂದು ನೋಡಿದರೆ ಒಂಬತ್ತು ಹಾಯಿಗಳೂ ನೀರಿನ ಮೇಲಿದ್ದವು.

"ಬೇಜಾರ್ ಮಾಡ್ಕಬ್ಯಾಡ ಅಕ್ಕ," ಎಂದ ಮಾದೇಶ, ಮೈ ಒರೆಸಿಕೊಳ್ಳುತ್ತ. "ಪಂದ್ಯಕ್ಕೆ ಇನ್ನೇನ್ ಜಾಸ್ತಿ ದಿನ ಇಲ್ಲ. ಒಂದು ಭಾನುವಾರ ತಪ್ಪಿದ್ರೂ ಹಿಂದೆ ಬಿದ್ಬುಡ್ತೀವಿ. ಮುಂದಿನ್ವಾರ ಬತ್ತೀವಿ."

ಮುಂದಿನ ವಾರವೂ ಅದೇ ಮಾತು, ಅದರ ಮುಂದಿನ ವಾರವೂ ಅದೇ. ತನ್ನ ದೋಣಿ ಕಟ್ಟಲು ಬಿಡುವಿಲ್ಲದಷ್ಟು ಚೆನ್ನಾಗಿ ಅವಳು ಅವರನ್ನು ತಯಾರು ಮಾಡಿದ್ದಳು. ಒಂದು ದಿನ ಒಬ್ಬಳೇ ಬಲಗಡೆಯ ಒಡಲಿಗೆ ಕೈ ಹಾಕಿದಳು. ಮೂಗಿನಿಂದ ಅರ್ಧದವರೆಗೆ ರೋಲರ್ ಓಡಿಸುವಷ್ಟರಲ್ಲಿ ಇತ್ತ ಹಾಸಿದ್ದ ಮ್ಯಾಟ್ ಗುಳ್ಳೆ ಎದ್ದು ಗಟ್ಟಿಯಾಯಿತು. ಉಳಿ ಹಾಕಿ ಎಬ್ಬಿಸಿ ಎಲ್ಲವನ್ನೂ ಹೊರಗೆ ಎಸೆದಳು. ಎಸೆದದ್ದರಲ್ಲಿ ಅವಳು ಕೂಡಿಟ್ಟ ಮಾಲಿನ ಅರ್ಧ ಹೋಯಿತು.

ರಘುನಾಥ್ ಬಂದು ಸಮಾಧಾನ ಹೇಳಿದರು. ಅವರ ಹಳೆಯ ದೋಣಿಯನ್ನೇ ತೇಪೆ ಹಾಕಿ ಹತ್ತನೆಯದಾಗಿ ಒಪ್ಪಿಕೊಳ್ಳಲು ಒಕ್ಕೂಟ ಹ್ಞೂಂ ಅಂದಿದೆಯಂತೆ, ಅವರೇ ನಡೆಸುತ್ತಾರಂತೆ. "ಸಂಖ್ಯೆಯ ಚಿಂತೆ ತಪ್ಪಿತು ಅಂಜಮ್ಮ. ನಿಮ್ಮದು ನಿಧಾನವಾಗಿ ಆಗಲಿ."

ಸಂಖ್ಯೆಯ ಚಿಂತೆ ತನಗೆ ಎಂದೂ ಇರಲಿಲ್ಲ ಎಂದು ಹೇಳಬೇಕೆನಿಸಿತು. ಉಳಿದ ಮ್ಯಾಟನ್ನು ಸುರುಳಿ ಸುತ್ತಿ ಎತ್ತಿಟ್ಟಳು.

ಪಂದ್ಯಕ್ಕೆ ಐದು ದಿನ ಇತ್ತು. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿಗೆ ಒರಳುಕಲ್ಲೂ ಹಾರುತ್ತದೆ ಎಂದು ಪಕ್ಕದ ತಮಿಳು ಮನೆಯ ಮುದುಕಿ ಹೇಳುವಂಥ ಗಾಳಿ. ನೀರು ಇಳಿದು, ಮುಳುಗಿದ ಹಳೆಯ ಊರಿನ ಬಾವಿಯ ಕಟ್ಟೆ ನೀರಿನ ಮಟ್ಟಕ್ಕಿಂತ ಒಂದೇ ಗೇಣು ಕೆಳಗೆ ಉಳಿದಿತ್ತು. ಅಲ್ಲಿ ಹೋಗಬೇಡಿ ಎಂದು ಅಂಜಮ್ಮ ನೂರು ಸಲ ಹೇಳಿದ್ದ ಜಾಗ. ಬೇಗ ಮುಟ್ಟಲೆಂದು ಮಾದೇಶ ಅದರ ಮೇಲೆಯೇ ಅಡ್ಡದಾರಿ ಹಿಡಿದ. ಅವನ ದೋಣಿಯ ಎಡ ಒಡಲು ಮೂಗಿನಿಂದ ಹೊಟ್ಟೆಯವರೆಗೆ ಸೀಳಿತು.

ಮಾರನೆಯ ಸಂಜೆ ಅಂಜಮ್ಮ ಶಿಫ್ಟ್ ಮುಗಿಸಿ ಕೊಟ್ಟಿಗೆಗೆ ಬಂದಾಗ ಅವರೆಲ್ಲ ಅಲ್ಲಿದ್ದರು. ಒಂಬತ್ತು ಜನ, ಜೊತೆಗೆ ರಘುನಾಥ್. ಅಷ್ಟು ವಾರ ಕಾದರೂ ಬಾರದವರು ಇಂದು ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಹಳದಿ ಒಡಲಿನ ಮೇಲಿನ ಗೋಣಿಚೀಲವನ್ನು ಯಾರೋ ಆಗಲೇ ತೆಗೆದಿದ್ದರು.

"ಅಕ್ಕ," ಎಂದ ಮಾದೇಶ, ನೆಲ ನೋಡುತ್ತ.

"ಒಂದು ದಿನ ಬಂದಿದ್ರೆ ಸಾಕಾಗಿತ್ತಲ್ಲೋ."

"ತಪ್ಪಾಯ್ತಕ್ಕ."

"ಇವತ್ತು ಎಲ್ರೂ ಬಂದಿದ್ದೀರಿ. ರೋಲರ್ ಓಡ್ಸೋಕಾ?"

ರಘುನಾಥ್ ಮುಂದೆ ಬಂದರು. "ಮಾದೇಶನಿಗೆ ಹೊಸ ಒಡಲು ಇಳಿಸಿ ಒಣಗಿಸೋಕೆ ಟೈಮಿಲ್ಲ ಅಂಜಮ್ಮ. ಹತ್ತು ಆಗದೆ ಹೋದ್ರೆ ಒಕ್ಕೂಟದವರು ವಾಪಸ್ ಹೋಗ್ತಾರೆ. ಮೂರು ವರ್ಷ ಎಲ್ಲರೂ ಪಟ್ಟ ಶ್ರಮ ನೀರುಪಾಲು. ಪಂದ್ಯ ಆದ ಮೇಲೆ ಮೊದಲ ಕೆಲಸವೇ ನಿಮ್ಮ ದೋಣಿ. ನನ್ನ ಮಾತು."

ಅವಳು ಒಡಲಿನ ಮೈಮೇಲೆ ಅಂಗೈ ಇಟ್ಟಳು. ಕೊಡುವುದಿಲ್ಲ ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ಮುಯ್ಯಿಗೆ ಕರೆದವಳು ಅವಳೇ. ಕರೆದವಳೇ ಕೊನೆಗೆ ಕೈ ಹಿಂದೆ ಎಳೆದುಕೊಂಡರೆ ಆ ಮೂರು ವರ್ಷಕ್ಕೆ ಏನು ಹೆಸರು? "ಜೋಡಿಸೋದು ನಾನೇ," ಎಂದಳು. "ನೀವು ಕೈ ಆಕಿದ್ರೆ ತೂಕ ಕೆಡ್ತದೆ."

ಎರಡು ಸಂಜೆ ಕೂತು ಅವಳೇ ಜೋಡಿಸಿದಳು. ಮಾದೇಶನ ನೀಲಿ ಬಲಗಡೆ, ಅವಳ ಹಳದಿ ಎಡಗಡೆ. ಬಣ್ಣ ಬೇರೆಯಾದ ಎತ್ತುಗಳನ್ನು ಒಂದು ನೊಗಕ್ಕೆ ಕಟ್ಟಿದಂತೆ ಕಾಣುತ್ತಿತ್ತು.

ಪಂದ್ಯದ ದಿನ ಒಕ್ಕೂಟದವರು ತಕ್ಕಡಿ ತಂದರು. ಒಂದೊಂದೇ ದೋಣಿ ತೂಗಿದ ಮನುಷ್ಯ ಪುಸ್ತಕದಿಂದ ತಲೆಯೆತ್ತಿ, "ಹಳೇದೊಂದು ಬಿಟ್ರೆ ಒಂಬತ್ತರಲ್ಲಿ ಅರ್ಧ ಕಿಲೋ ವ್ಯತ್ಯಾಸ ಇಲ್ಲ. ಯಾವ ಕಂಪನಿ ಕೆಲಸ ಇದು?" ಎಂದು ಕೇಳಿದ.

"ಇಲ್ಲೇ, ಲೋಕಲ್," ಎಂದರು ರಘುನಾಥ್.

ಅಂಜಮ್ಮ ಎರಡು ಮಾರು ದೂರದಲ್ಲಿ ನಿಂತಿದ್ದಳು, ಕೈಯಲ್ಲಿ ಕೆಂಪು ಬಾವುಟ. ಪಂದ್ಯ ಶುರು ಮಾಡುವ ಕೆಲಸವನ್ನು ಅವಳಿಗೆ ಗೌರವದಿಂದ ಕೊಟ್ಟಿದ್ದರು. ಹಲಗೆಯ ಮೇಲೆ ಹತ್ತು ಹೆಸರು ಬರೆದಿದ್ದರು. ಇರುವುದಿಲ್ಲ ಎಂದು ಗೊತ್ತಿದ್ದೂ ಅವಳು ಮೇಲಿಂದ ಕೆಳಗೆ ಎರಡು ಸಲ ಓದಿದಳು.

ಮಾದೇಶ ಗೆದ್ದ. ಪಡುವಣ ದಡದ ತೋಪಿನ ಕಡೆಗೆ ಎಲ್ಲರಿಗಿಂತ ಮೊದಲೇ ತಿರುಗಿ ಗೆದ್ದ. ಕಟ್ಟಳೆಯಂತೆ ದಡದಲ್ಲಿ ನಿಂತು ಹೇಳಬೇಕಲ್ಲ, ಅವನ ಕೈಗೆ ಮೈಕ್ ಕೊಟ್ಟರು. ಒಕ್ಕೂಟದ ಚೆನ್ನೈಯವರು ಕೂತಿದ್ದರಿಂದ ಅವನು ತಮಿಳಿನಲ್ಲಿ ಮಾತಾಡಿದ. ತೋಪಿನ ಮರಗಳ ನೆತ್ತಿ ಬಿಳಿಯಾಗುವುದನ್ನು ತಾನು ಚಿಕ್ಕಂದಿನಿಂದ ಗಮನಿಸುತ್ತ ಬಂದಿದ್ದೇನೆ, ಈ ನೀರು ತನ್ನ ತಾತನ ಹೊಲದ ಮೇಲೆ ನಿಂತ ನೀರು, ಇದರ ಗಾಳಿ ತನ್ನ ರಕ್ತದಲ್ಲಿದೆ ಎಂದ. ಜನ ಚಪ್ಪಾಳೆ ತಟ್ಟಿದರು. ಸುಳ್ಳು ಹೇಳುವವನ ಮುಖವಲ್ಲ ಅದು. ಅವನು ಅದನ್ನು ನಂಬಿದ್ದ. ಅಂಜಮ್ಮನಿಗೆ ಚುಚ್ಚಿದ್ದು ಅದೇ.

ವಾರ ಕಳೆದು ರಘುನಾಥ್ ಮನೆಗೆ ಬಂದರು. ಕಾಫಿ ಕುಡಿಯುವವರೆಗೂ ಮಳೆಯ ಮಾತು, ಕಾರ್ಖಾನೆಯ ಮಾತು. ಲೋಟ ಕೆಳಗಿಟ್ಟ ಮೇಲೆ ಜೇಬಿನಿಂದ ಮಡಿಚಿದ ಕಾಗದ ತೆಗೆದರು.

"ಮಾನ್ಯತೆ ಬಂತು. ಅದರ ಜೊತೆ ಒಂದು ನಿಯಮ ಇದೆ. ಇನ್ನು ಮುಂದೆ ಪರವಾನಗಿ ಇರೋ ಕಾರ್ಖಾನೆಯಲ್ಲಿ ಆದ ದೋಣಿಗಳು ಮಾತ್ರ ಪಂದ್ಯಕ್ಕೆ. ಈಗಿರೋ ಹತ್ತಕ್ಕೆ ವಿನಾಯ್ತಿ. ಅಚ್ಚನ್ನೂ ಒಕ್ಕೂಟಕ್ಕೆ ಒಪ್ಪಿಸಬೇಕು. ಮಂಗಳವಾರ ಗಾಡಿ ಬರುತ್ತೆ."

"ನಂದು?"

"ಮಾಡ್ಕೊಂಡು ಓಡಿಸಬಹುದು. ಆದ್ರೆ ಪಟ್ಟಿಗೆ ಸೇರೋಲ್ಲ."

ಅಂಜಮ್ಮ ಮೊಣಕೈ ತುರಿಸಿಕೊಂಡಳು. "ಈ ಕಾಗದ ಯಾವಾಗ ಬಂತು ಸಾರ್?"

ಅವರು ಕಾಗದವನ್ನು ಮತ್ತೆ ಮಡಿಚಿದರು, ಮೊದಲಿಗಿಂತ ಚಿಕ್ಕದಾಗಿ. "ನಿಯಮದ ಪ್ರತಿ... ಯುಗಾದಿ ಆಸುಪಾಸು."

"ಅಂದ್ರೆ ನನ್ನ ಒಡಲು ಕೇಳೋಕೆ ಬಂದಾಗ ನಿಮ್ಗೆ ಗೊತ್ತಿತ್ತು."

"ಹೇಳಿದ್ರೆ ನೀವು ಕೊಡ್ತಿರಲಿಲ್ಲ ಅಂಜಮ್ಮ."

"ಕೊಡ್ತಿದ್ದೆ ಸಾರ್. ಹೇಳಿ ಕೇಳಿದ್ರೂ ಕೊಡ್ತಿದ್ದೆ. ಅದಕ್ಕೇ ಹೇಳ್ಬೇಕಾಗಿತ್ತು."

ಅದು ನಿಜವೋ ಅಲ್ಲವೋ ಅವಳಿಗೇ ತಿಳಿಯದು. ಇನ್ನು ತಿಳಿಯುವ ದಾರಿಯೂ ಇಲ್ಲ. ರಘುನಾಥ್ ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ರಾಮಕೃಷ್ಣಪ್ಪ ಒಳಗಿನಿಂದ ಬಂದ. ಹೇಳಿದ್ನಲ್ಲ ಎಂಬ ಮಾತು ಅವನ ನಾಲಿಗೆಯ ಮೇಲಿತ್ತು. ಹೆಂಡತಿಯ ಮುಖ ನೋಡಿ ಅದನ್ನು ನುಂಗಿ, ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಅವಳ ಪಕ್ಕದಲ್ಲಿ ಇಟ್ಟ.

ಮಂಗಳವಾರ ಅಚ್ಚು ಹೋಯಿತು. ಗಾಡಿಗೆ ಏರಿಸುವ ಮುಂಚೆ ಅವಳು ಅದನ್ನು ಒರೆಸಿ, ವ್ಯಾಕ್ಸ್ ತಿಕ್ಕಿ ಕೊಟ್ಟಳು. ಕೊಳೆಯಾಗಿ ಕಳಿಸಲು ಕೈ ಒಪ್ಪಲಿಲ್ಲ.

ಭಾನುವಾರ ಅವರೆಲ್ಲ ಮಾತಿನಂತೆ ಬಂದರು, ಒಂಬತ್ತು ಜನ, ಕೈಯಲ್ಲಿ ರೋಲರು, ಡಬ್ಬ. ಮಾದೇಶ ತಲೆಯ ಮೇಲೆ ಹೊಸ ಮ್ಯಾಟಿನ ಸುರುಳಿ ಹೊತ್ತಿದ್ದ.

"ಇವತ್ತಿಂದ ನಿಂದೇ ಅಕ್ಕ. ಮುಗಿಯೋವರ್ಗೂ ಯಾರೂ ನೀರಿಗೆ ಕಾಲಿಡಾಕಿಲ್ಲ. ಬಲಗಡೆ ಮೊದ್ಲಾ, ಎಡಗಡೆ ಮೊದ್ಲಾ?"

"ಅಚ್ಚೇ ಇಲ್ವಲ್ಲಪ್ಪ," ಎಂದಳು ಅಂಜಮ್ಮ, ಮತ್ತು ಎಲ್ಲವನ್ನೂ ಹೇಳಿದಳು.

ಅವರು ಖಾಲಿ ಕೊಟ್ಟಿಗೆಯನ್ನು ನೋಡುತ್ತ ನಿಂತರು. ಒಬ್ಬ ರಘುನಾಥರನ್ನು ಬೈದ. ಇನ್ನೊಬ್ಬ ಒಕ್ಕೂಟಕ್ಕೆ ಬರೆಯೋಣ ಎಂದ. ಮಾದೇಶ ಮ್ಯಾಟಿನ ಸುರುಳಿಯನ್ನು ಗೋಡೆಗೆ ಒರಗಿಸಿ, "ನನ್ನ ದೋಣಿ ನಿಂದೇ ಅನ್ಕೊ ಅಕ್ಕ, ಯಾವಾಗ ಬೇಕಾದ್ರೂ ತಗೊಂಡೋಗು," ಎಂದ. ಹೊರಗೆ ಒಳ್ಳೆಯ ಬಿಸಿಲಿತ್ತು, ಭಾನುವಾರ ಬೇರೆ. ಒಬ್ಬೊಬ್ಬರಾಗಿ ನೀರಿನ ಕಡೆ ಜಾರಿದರು. ಸ್ವಲ್ಪ ಹೊತ್ತಿಗೆ ಹಾಯಿಗಳು ಎದ್ದವು. ರಘುನಾಥರ ಹಳೆಯದೂ ಸೇರಿ ಹತ್ತು. ಹಳದಿ ಒಡಲು ಅವುಗಳ ನಡುವೆ ದೂರದಿಂದಲೂ ಗುರುತು ಸಿಗುತ್ತಿತ್ತು.

ಅವಳು ಏರಿ ಹತ್ತಿ ನಿಂತಳು. ನಡುಹಗಲು ಗಾಳಿ ಬಿದ್ದುಹೋಯಿತು. ಹತ್ತು ಹಾಯಿಗಳೂ ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದವು. ಆಗ ಪಡುವಣ ತೋಪಿನ ನೆತ್ತಿ ಬೆಳ್ಳಗೆ ಮಗುಚಿತು. ಈಚೆಯ ಜಾಲಿಮರ ಅಲುಗಿತು. ಅವಳ ಭುಜ ತಾನಾಗಿ ಮೇಲೆದ್ದಿತು. ಅವಳು ಬಲಗೈಯನ್ನು ಸೆರಗಿನೊಳಗೆ ಸೇರಿಸಿ, ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ನಿಂತಲ್ಲೇ ಕಾಯಲಿ. ಒಂದು ದಿನವಾದರೂ ತನ್ನ ಕೈ ಏಳದಿದ್ದರೆ ಏನಾಗುತ್ತದೆಂದು ಅವರಿಗೆ ತಿಳಿಯಲಿ.

ಹತ್ತು ಎಣಿಸುವುದರೊಳಗೆ, ಕಪ್ಪು ಗೆರೆ ಇನ್ನೂ ದಡ ಬಿಡುವ ಮುಂಚೆಯೇ, ಹತ್ತು ಚುಕ್ಕಾಣಿಗಳೂ ಒಟ್ಟಿಗೆ ಪಡುವಣಕ್ಕೆ ತಿರುಗಿದವು. ಏರಿಯ ಕಡೆಗೆ ಯಾರೂ ನೋಡಿರಲಿಲ್ಲ.